ಕುದ್ರು ಕರಗಿದರೂ ಹೆಸರು ಉಳಿಯಲಿ
(ಕೆರಾಡಿಯ ಉಪಾಧ್ಯಾಯರ ಕೂಟದಲ್ಲಿ ಮಾಡಿದ ಭಾಷಣ)



ಘಟ್ಟದ ಬುಡದ ಈ ಊರಿನಲ್ಲಿ ನಿಂತು ಅಳಿವೆಯ ಕುದ್ರುಗಳ ಮಾತನ್ನೆತ್ತುವುದು ತಮಗೆ ವಿಚಿತ್ರವಾಗಿ ತೋರಬಹುದು. ಆದರೆ ಕುದ್ರುವಿನ ಮಣ್ಣು ಎಲ್ಲಿಯದು? ಇಂತಹ ಗುಡ್ಡಗಳದೇ ಅಲ್ಲವೇ! ಮಳೆಗಾಲದ ಹೊಳೆಯು ಹೊತ್ತೊಯ್ದ ಮಣ್ಣು, ಕಡಲಿನ ಉಬ್ಬರವು ನೀರಿನ ಓಟವನ್ನು ತಡೆದೆಡೆಯಲ್ಲಿ ತಂಗಿ ನೆಲವಾಗುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲನ್ನು ಸೇರುವ ಆ ಪ್ರದೇಶದಲ್ಲಿಯೇ ಉಪ್ಪಿನಕುದ್ರುವೂ ಕನ್ನಡಕುದ್ರುವೂ ಇರುವುವು.

ಹೊಳೆಯು ಕೊಟ್ಟುದನ್ನು ಹೊಳೆಯೇ ಹಿಂದಕ್ಕೆ ಕೇಳುವುದೂ ಉಂಟು. ಮನುಷ್ಯನ ಲೋಭವು ಅದಕ್ಕೆ ಜತೆಗೂಡಿದರೆ ಹೇಳತಕ್ಕುದೇನು? ರೇವುಪಟ್ಟಣವಾದ ಮಂಗಳೂರಿನ ಬಳಿ, ನೇತ್ರಾವತಿಯ ನಡುವಣ ಪಾವೂರು ಉಳಿಯವನ್ನು ನೋಡಿರಿ. ಸುತ್ತಣ ಮರಳನ್ನು ಅಕ್ರಮವಾಗಿ ಬಗೆದುದರಿಂದ ದಂಡೆ ಕುಸಿಯಿತು. ತೆಂಗಿನ ಮರಗಳು ಹೊಳೆಗುರುಳಿದುವು. ಎಷ್ಟೋ ಮನೆಯವರು ದ್ವೀಪವನ್ನೇ ಬಿಟ್ಟು ನಡೆದರು.

ವಕೀಲನಾದ ನನಗೆ ಇಲ್ಲಿ ಮತ್ತೊಂದು ಸಂಕಟ ಕಾಣುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾನೂನಿನಂತೆ ನದಿಯೂ ಅದರ ಪಾತ್ರವೂ ಸರಕಾರದ ಸ್ವತ್ತು. ಅಜ್ಜನ ಕಾಲದ ಪಟ್ಟೆ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಪಟ್ಟೆಯಲ್ಲಿ ಬರೆದ ನೆಲ ಮಾತ್ರ ನೀರಿನಡಿಯಲ್ಲಿದೆ. ಚತುಸ್ಸೀಮೆಯನ್ನು ಯಾರಿಗೆ ತೋರಿಸೋಣ?

ಬಡ ಒಕ್ಕಲಿಗನಿಗಷ್ಟೇ ಈ ಪಾಡೆಂದು ತಿಳಿಯಬೇಡಿರಿ. 1970ರ ಚಂಡಮಾರುತದ ತರುವಾಯ ಬಂಗಾಳ ಕೊಲ್ಲಿಯ ನದೀಮುಖವೊಂದರಲ್ಲಿ ನ್ಯೂ ಮೂರ್ ಎಂಬ ಪುಟ್ಟ ದ್ವೀಪವು ಕಾಣಿಸಿಕೊಂಡಿತು. ಭಾರತ, ಬಾಂಗ್ಲಾದೇಶಗಳೆರಡೂ ತಮ್ಮದೆಂದುವು. 2010ರ ಹೊತ್ತಿಗೆ ಅದು ಮುಳುಗಿಹೋಗಿತ್ತು. ಕಡಲಗಡಿಯ ತೀರ್ಪು ಬಂದುದು 2014ರಲ್ಲಿ! ವ್ಯಾಜ್ಯದ ವಸ್ತುವು ತೀರ್ಪಿಗಿಂತ ಮೊದಲೇ ಮಾಯವಾಗಿತ್ತು.

ನೆಲ ಹೋದ ಮೇಲೆ ಉಳಿಯತಕ್ಕುದು ಬರಹವೊಂದೇ. ಆ ಬರಹವಾದರೂ ನಮ್ಮ ಕೈಯಲ್ಲಿದೆಯೇ? ಬಸರೂರಿನ ಉದಾಹರಣೆಯೊಂದೇ ಸಾಕು. ಪಡುವಕೇರಿ, ಮೂಡಕೇರಿಗಳ ಹಲರು ಆಳಿ ನಡೆಸಿದ ಆ ರೇವಿನಿಂದ ಅಕ್ಕಿಯು ಹೊರನಾಡುಗಳಿಗೆ ಹೋಗುತ್ತಿದ್ದಿತು. 1569ರಲ್ಲಿ ಪೋರ್ತುಗೀಜರು ಅದರ ಮೇಲೆ ಬಿದ್ದರು. 1665ರಲ್ಲಿ ಶಿವಾಜಿಯ ಹಡಗುಗಳು ಬಂದುವು. ಈ ಸಂಗತಿಗಳನ್ನರಿಯಲು ಗೋವೆಗೂ ಲಿಸ್ಬನ್ನಿಗೂ ಕೈಚಾಚಬೇಕಾಯಿತು. ಮುಂದೆ 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಸೇರಿತು. ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲಿಯೇ ಉಳಿಯಿತು. ಒಂದೇ ಕರಾವಳಿಯ ಕಡತಗಳು ಎರಡು ಪ್ರಾಂತಗಳ ಪಾಲಾದುವು. 1956ರಲ್ಲಿ ನಾಡೇನೋ ಒಂದಾಯಿತು. ನಾಡಿನ ನೆನಪು ಇನ್ನೂ ಒಂದಾಗಬೇಕಾಗಿದೆ.

ಆದುದರಿಂದ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ತಮ್ಮ ಶಾಲೆಯ ಮಕ್ಕಳಿಂದ ಹೊಳೆಸಾಲಿನ ಪ್ರತಿಯೊಂದು ಕುದ್ರುವಿನ, ಕಡವಿನ, ಗುಂಡಿಯ ಹೆಸರನ್ನು ಬರೆಯಿಸಿರಿ. ಯಾವ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತೆಂಬುದನ್ನು ಹಿರಿಯರ ಬಾಯಿಂದ ಕೇಳಿಸಿರಿ. ಅಲುಗದ ಕಲ್ಲೊಂದನ್ನು ಗುರುತಿಟ್ಟು, ಅಲ್ಲಿಂದ ದಂಡೆಗೆ ಎಷ್ಟು ಮಾರೆಂದು ವರ್ಷಕ್ಕೊಮ್ಮೆ ಅಳೆಯಿಸಿರಿ. ಖರ್ಚು ಒಂದು ಹಗ್ಗದ್ದು, ಒಂದು ಪುಸ್ತಕದ್ದು. ನಾಳೆ ದಂಡೆಯನ್ನು ಉಳಿಸಲು ಹೋರಾಡುವವನಿಗೆ ಅದೇ ಸಾಕ್ಷ್ಯ. ಉಳಿಸಲಾಗದೆ ಹೋದರೆ, ಇಲ್ಲಿಯೂ ಒಂದು ನೆಲವಿತ್ತು, ಅದರ ಮೇಲೆ ನಮ್ಮವರು ಬಾಳಿದ್ದರು ಎಂಬುದಕ್ಕೆ ಅದೇ ಶಾಸನ.