ರಾಕ್ ಹಾಡುಗಾರನ ಸಿನಿಮಾ ಕಿವಿ

ರಾಕ್ ತಂಡದ ಹಾಡುಗಾರನೊಬ್ಬ ದೊಡ್ಡ ವಾದ್ಯವೃಂದಕ್ಕೆ ಸಂಗೀತ ಬರೆಯಬಲ್ಲನೇ? ಡ್ಯಾನಿ ಎಲ್ಫ್‌ಮನ್ ಬಗ್ಗೆ ಹಾಲಿವುಡ್‌ಗೆ ಇದ್ದ ಅನುಮಾನ ಇದೇ. ಲಾಸ್ ಏಂಜಲೀಸ್‌ನ 'ಓಯಿಂಗೊ ಬೋಯಿಂಗೊ' ತಂಡದ ಇವರು ಶಾಸ್ತ್ರೋಕ್ತವಾಗಿ ಕಲಿತವರಲ್ಲ. ಇವರ ಪಾಠಶಾಲೆ ಚಿತ್ರಮಂದಿರ. 'ದ ಡೇ ದಿ ಅರ್ತ್ ಸ್ಟುಡ್ ಸ್ಟಿಲ್' (1951) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಕೊಟ್ಟ ಸಂಗೀತವೇ ಬಾಲಕ ಎಲ್ಫ್‌ಮನ್‌ರ ಕಿವಿ ತೆರೆಸಿದ್ದು.

ತಂಡದ ಅಭಿಮಾನಿ ಟಿಮ್ ಬರ್ಟನ್ 1985ರಲ್ಲಿ ತಮ್ಮ ಮೊದಲ ಪೂರ್ಣಾವಧಿ ಚಿತ್ರದ ಸಂಗೀತವನ್ನು ಇವರಿಗೊಪ್ಪಿಸಿದರು. 1989ರಲ್ಲಿ 'ಬ್ಯಾಟ್‌ಮನ್' ಗೆದ್ದಾಗ, ಬರೆದವರು ಬೇರೆ ಯಾರೋ ಎಂಬ ಗುಸುಗುಸು ಎದ್ದಿತು. ವಾದ್ಯಗಳಿಗೆ ಹಂಚಿ ಬರೆದವರಲ್ಲಿ ತಂಡದ ಗಿಟಾರ್ ವಾದಕ ಸ್ಟೀವ್ ಬಾರ್ಟೆಕ್ ಮುಖ್ಯರು, ನಿಜ. (ನಮ್ಮ ಚಿತ್ರರಂಗದಲ್ಲೂ ಅರೇಂಜರ್‌ಗಳಿಲ್ಲವೇ?) ಆದರೆ ಸಂಗೀತ ತಮ್ಮದೇ ಎಂದು ಎಲ್ಫ್‌ಮನ್ 1990ರಲ್ಲಿ 'ಕೀಬೋರ್ಡ್' ಪತ್ರಿಕೆಗೆ ಬಹಿರಂಗ ಪತ್ರವನ್ನೇ ಬರೆದರು. ತಂಡ 1995ರಲ್ಲಿ ಚದುರಿತು. ಸಿನಿಮಾ ಮಾತ್ರ ಇವರ ಕೈಬಿಡಲಿಲ್ಲ.