ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ನೋಡಿ

(ಯಳಂದೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ಉರ್ದು, ಕನ್ನಡ ಕಲಿಸುವ ಶಿಕ್ಷಕ. ಇಂದು ಕಿವಿಯ ಬಗ್ಗೆ ಮಾತನಾಡಲು ಕಾರಣ ನನ್ನ ಖಾಲಾ. ಸಜ್ದಾದಿಂದ ಏಳುವಾಗ ಅವರಿಗೆ ಗೋಡೆಯೇ ತಿರುಗಿದಂತಾಗುತ್ತಿತ್ತು. ಕೆಲವರು ಪಿತ್ತ ಎಂದರು, ಕೆಲವರು ನಜರ್ ಎಂದರು. ಕೊನೆಗೆ ಒಂದು ಕಡೆ ಪರೀಕ್ಷೆ ಮಾಡಿ, ಬಲಗಿವಿಯಿಂದ ಉತ್ತರವೇ ಬರುತ್ತಿಲ್ಲ, ಒಳಗಿನ ಅಂಗ ಕೆಟ್ಟಿದೆ ಎಂದು ಹೇಳಿ ಕಳುಹಿಸಿದರು.

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಪ್ರತಿ ಒಳಗಿವಿಯಲ್ಲಿ ದೇಹದ ಸಮತೋಲನ ಕಾಯುವ 5 ಅಂಗಗಳಿವೆ: ಅರ್ಧವೃತ್ತಾಕಾರದ 3 ನಾಳಗಳು, ಯುಟ್ರಿಕಲ್ ಮತ್ತು ಸ್ಯಾಕ್ಯೂಲ್ ಎಂಬ 2 ಚೀಲಗಳು. ಇವನ್ನು ಕಣ್ಣಿನಿಂದ ನೋಡಲಾಗದು. ಏನಾದರೂ ಪ್ರಚೋದನೆ ಕೊಟ್ಟು, ದೇಹ ತಾನಾಗಿ ತೋರುವ ಪ್ರತಿಕ್ರಿಯೆಯನ್ನು ಅಳೆಯಬೇಕು.

ಈ ದಾರಿ ತೋರಿಸಿ 1914ರ ನೊಬೆಲ್ ಬಹುಮಾನ ಪಡೆದವರು ವಿಯೆನ್ನಾದ ವೈದ್ಯ ರಾಬರ್ಟ್ ಬರಾನಿ. ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣುಗುಡ್ಡೆ ಒಂದು ಕಡೆಗೆ ಜಗ್ಗುತ್ತದೆ, ಬಿಸಿನೀರಿಗೆ ಇನ್ನೊಂದು ಕಡೆಗೆ. ಮೈಬಿಸಿಯಷ್ಟೇ ಇರುವ ನೀರಿಗೆ ಕಣ್ಣು ಅಲುಗುವುದೇ ಇಲ್ಲ! ಅದಕ್ಕೇ ಈಗ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರನ್ನು ಬಳಸುತ್ತಾರೆ. ತಮಟೆ ತೂತಾಗಿದ್ದರೆ ನೀರು ಬಿಡಬಾರದು.

ಸ್ಯಾಕ್ಯೂಲನ್ನು ಪರೀಕ್ಷಿಸಲು ಶಬ್ದ ಬೇಕು. ಈ ಪರೀಕ್ಷೆಗೆ ವೆಂಪ್ ಎನ್ನುತ್ತಾರೆ. ಕತ್ತು ತಿರುಗಿಸಿ ಸ್ನಾಯುವನ್ನು ಬಿಗಿ ಮಾಡಿಸಿ, ಕಿವಿಗೆ ಜೋರು ಶಬ್ದ ಕೊಟ್ಟರೆ, ಆ ಸ್ನಾಯು ಕ್ಷಣಮಾತ್ರ ಸಡಿಲವಾಗುತ್ತದೆ. ಇಲ್ಲಿ ಶಬ್ದದ ಗುಣವೇ ಮುಖ್ಯ. ಸಾಮಾನ್ಯವಾಗಿ 500 ಹರ್ಟ್ಸ್‌ನ ತಗ್ಗು ಸ್ವರಕ್ಕೆ ಒಳ್ಳೆಯ ಉತ್ತರ ಸಿಗುತ್ತದೆ. ವಯಸ್ಸಾದವರಲ್ಲಿ, ಮೆನಿಯರ್ ಕಾಯಿಲೆಯವರಲ್ಲಿ ಅದಕ್ಕಿಂತ ಮೇಲಿನ ಸ್ವರಕ್ಕೆ ಸಿಗಬಹುದು. ಮೆಲ್ಲಗಿನ ಶಬ್ದ ಸಾಲದು. ಹಾಗೆಂದು ಮಿತಿ ಮೀರಿದರೆ ಕೇಳುವ ಶಕ್ತಿಗೇ ಹಾನಿ. ಮಕ್ಕಳ ಕಿವಿಯ ನಾಳ ಚಿಕ್ಕದು; ಅದೇ ಶಬ್ದ ಅಲ್ಲಿ ಹೆಚ್ಚು ಜೋರಾಗುತ್ತದೆ, ಆದ್ದರಿಂದ ಇನ್ನೂ ಎಚ್ಚರ ಬೇಕು.

ಖಾಲಾಗೆ ಬಾಲ್ಯದಿಂದ ಬಲಗಿವಿ ಸೋರುತ್ತಿತ್ತು. ಹೊರಗಿನಿಂದ ಕೊಟ್ಟ ಶಬ್ದ ನಡುಗಿವಿಯನ್ನು ದಾಟಿ ಒಳಗೆ ಮುಟ್ಟಲೇ ಇಲ್ಲ. ನಂತರ ಬೇರೆ ಕಡೆ ತಲೆಯ ಮೂಳೆಗೆ ಕಂಪನದ ಉಪಕರಣ ಒತ್ತಿ ಪರೀಕ್ಷಿಸಿದಾಗ ಉತ್ತರ ಬಂತು! ಅಂಗ ಕೆಟ್ಟಿರಲಿಲ್ಲ, ಕೇಳಿದ ದಾರಿ ಮುಚ್ಚಿತ್ತು. ತಲೆಸುತ್ತಿನ ಕಾರಣವನ್ನು ಬೇರೆಡೆ ಹುಡುಕಿ, ತಲೆಯನ್ನು ಕ್ರಮವಾಗಿ ಹೊರಳಿಸುವ ಚಿಕಿತ್ಸೆ ಕೊಟ್ಟರು. ಈಗ ಅವರು ನೆಮ್ಮದಿಯಿಂದ ಸಜ್ದಾ ಮಾಡುತ್ತಾರೆ, ಅಲ್‌ಹಮ್ದುಲಿಲ್ಲಾಹ್.

ಪೋಷಕರಲ್ಲಿ ನನ್ನ ವಿನಂತಿ: ಮಕ್ಕಳ ಕಿವಿ ಸೋರುತ್ತಿದ್ದರೆ ಎಣ್ಣೆ ಬಿಟ್ಟು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಪರೀಕ್ಷೆಗೆ ಹೋದಾಗ ಹಳೆಯ ಸೋರುವಿಕೆಯನ್ನು ಮುಚ್ಚಿಡದೆ ಹೇಳಿ.

ವಿದ್ಯಾರ್ಥಿಗಳೇ, ಪಿಯುಸಿ ವಿಜ್ಞಾನ ಓದಿದವರಿಗೆ ಎಂಬಿಬಿಎಸ್ ಒಂದೇ ಬಾಗಿಲಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಪಕ್ಕದ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಈ ವಿದ್ಯೆಯಲ್ಲಿ ಅಲ್ಲಿ ಪದವಿಯೂ ಇದೆ, ಸಂಶೋಧನೆಯೂ ನಡೆಯುತ್ತಿದೆ. ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅಲ್ಲಿಗೆ ಹೋಗಲಿ.

ಶಿಕ್ಷಕ ಮಿತ್ರರೇ, ಈ ಪರೀಕ್ಷೆ ನನಗೂ ಒಂದು ಪಾಠ ಕಲಿಸಿತು. ಹಿಂದಿನ ಬೆಂಚಿನ ಹುಡುಗ ಕನ್ನಡದಲ್ಲಿ ಕೇಳಿದ್ದಕ್ಕೆ ಸುಮ್ಮನಿದ್ದರೆ ದಡ್ಡನೆಂದು ಬರೆಯುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ಉರ್ದುವಿನಲ್ಲಿ ಇನ್ನೊಮ್ಮೆ ಕೇಳುತ್ತೇನೆ. ಎಷ್ಟೋ ಸಲ ಉತ್ತರ ಬರುತ್ತದೆ.