ನೋವು ತಿಳಿಯದ ಕಾಲಿಗೆ ಕಣ್ಣಿನ ಕಾವಲು



ಗೋಕಾಕ, ಮೂಡಲಗಿ, ಹುಕ್ಕೇರಿ ಎಂದರೆ ಕಬ್ಬು, ಗೋವಿನಜೋಳದ ಸೀಮೆ, ವರ್ಷವಿಡೀ ದುಡಿಮೆ. ಮರದಿಂದ ಬಿದ್ದೋ, ಬಾವಿಗೆ ಜಾರಿಯೋ, ಮೋಟಾರ್ ಸೈಕಲ್ಲಿನಿಂದ ಉರುಳಿಯೋ ಬೆನ್ನುಹುರಿಗೆ ಪೆಟ್ಟಾದವರಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಹೆಚ್ಚು. ಅಂಥವರು ಆಸ್ಪತ್ರೆ ಮುಗಿಸಿ ಮನೆಗೆ ಬಂದ ಮೇಲೆ ಇನ್ನೊಂದು ಪೆಟ್ಟಾಗದಂತೆ ಕಾಯುವುದು ಹೇಗೆ? ಇವತ್ತಿನ ಮಾತು ಅದರದು.

ಬೆನ್ನುಹುರಿ ಅಂದರೆ ಬೆನ್ನೆಲುಬಿನೊಳಗೆ ಹಾಯ್ದುಹೋದ ನರಗಳ ಹಗ್ಗ. ಅದು ಜಖಂ ಆದರೆ ಕೆಳಗಿನ ಅಂಗಗಳ ಬಲವಷ್ಟೇ ಅಲ್ಲ, ಬಿಸಿ, ಚುಚ್ಚು, ನೋವಿನ ಸುದ್ದಿಯೂ ತಲೆಗೆ ಮುಟ್ಟುವುದಿಲ್ಲ. ಒಲೆಗೆ ಕಾಲು ತಾಗಿದರೆ ನಾವು ಹೌಹಾರಿ ಎಳೆದುಕೊಳ್ಳುತ್ತೇವೆ. ಅವರಿಗೆ ಗೊತ್ತೇ ಆಗೂದಿಲ್ಲ ನೋಡ್ರಿ, ಸುಡುತ್ತಲೇ ಇರುತ್ತದೆ.

ಚಹಾದ ಮಾತನ್ನೇ ತಗೊಳ್ರಿ. ಬಿಸಿ ಚಹಾ, ಸಾರಿನ ತಾಟು ತೊಡೆಯ ಮೇಲಿಟ್ಟುಕೊಂಡು ಗಾಲಿಕುರ್ಚಿ ನೂಕಿಕೊಳ್ಳಬ್ಯಾಡ್ರಿ. ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ, ಸ್ಪರ್ಶವಿರುವ ಕೈಯಿಂದ ಮುಟ್ಟಿ ನೋಡಿರಿ. ಕೈಗೂ ಸ್ಪರ್ಶವಿಲ್ಲದಿದ್ದರೆ ಮನೆಯವರು ನೋಡಲಿ. ಬಿಸಿಲಿಗೆ ಕಾದ ತಗಡು, ಹಾಸುಗಲ್ಲು, ಗಾಡಿಯ ಸೈಲೆನ್ಸರ್ ಇವೂ ಒಲೆಯೇ. ರಾತ್ರಿ ಇಲಿ ಕಾಲ್ಬೆರಳು ಕಡಿದರೂ ಬೆಳಗಿನವರೆಗೆ ತಿಳಿಯದು. ಅವರು ಮಲಗುವ ಕೋಣೆಯಲ್ಲಿ ಕಾಳಿನ ಚೀಲ ಇಡಬೇಡಿ. ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿರಿ.

ಮಂಚ, ಕುರ್ಚಿ ಒಂದೇ ಎತ್ತರ ಇರಲಿ. ಬ್ರೇಕು ಹಾಕದೆ ಇಳಿಯಬಾರದು. ಭಾರ ಹೊರದ ಕಾಲಿನ ಎಲುಬು ಸವೆದು ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಕಾಲು ಒಮ್ಮೆಲೇ ಬಾತು ಬೆಚ್ಚಗಾದರೆ ಎಣ್ಣೆ ಹಚ್ಚಿ ತಿಕ್ಕಬ್ಯಾಡ್ರಿ. ಮುರಿದಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಹಾಸಿಗೆ ಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅವರು ಗಾಯಗೊಂಡ ಸೈನಿಕರನ್ನು ಹಗಲು ರಾತ್ರಿ 2 ತಾಸಿಗೊಮ್ಮೆ ಹೊರಳಿಸುವ ಪದ್ಧತಿ ಹಾಕಿದರು. ಅದಕ್ಕೆ ಮೊದಲು ಇಂಥವರು ಹುಣ್ಣಿನಿಂದ, ಮೂತ್ರದ ಸೋಂಕಿನಿಂದ ಬೇಗ ತೀರಿಕೊಳ್ಳುತ್ತಿದ್ದರು. ಮನೆಯಲ್ಲೂ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿ ಕೂತವರು 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಭಾರ ಇಳಿಸಬೇಕು. ಕೌದಿಯ ಮಡಿಕೆ, ಕಿಸೆಯ ಕೀಲಿಕೈ ಕೂಡ ಹುಣ್ಣು ಮಾಡುತ್ತವೆ.

ಅವರನ್ನು ಮನೆಯಲ್ಲೇ ಕೂಡಿಸಿಡಿ ಎಂದು ನಾನು ಹೇಳುತ್ತಿಲ್ಲ. ಹೊಲಕ್ಕೂ ಹೋಗಲಿ, ಸಂತೆಗೂ ಹೋಗಲಿ. ಆದರೆ ಗಂಡಸರು ಪೃಷ್ಠದ ಗಾಯವನ್ನು ಹೆಂಡತಿಗೂ ಹೇಳಲು ನಾಚುತ್ತಾರೆ. ಆ ನಾಚಿಕೆಯಲ್ಲಿ ಗಾಯ ಎಲುಬಿನ ತನಕ ಇಳಿದಿರುತ್ತದೆ. ಹಾಗಾದರೆ ತಾವೇ ಬೆಳಿಗ್ಗೆ, ರಾತ್ರಿ ಕೈಗನ್ನಡಿ ಹಿಡಿದು ನೋಡಿಕೊಳ್ಳಲಿ. ಕಪ್ಪು ಮೈಗೆ ಕೆಂಪು ಎದ್ದು ಕಾಣದು. ಬಿಸಿಯೋ ಗಟ್ಟಿಯೋ ಎಂದು ಮುಟ್ಟಿ ತಿಳಿಯಬೇಕು. ಕಲೆ ಅರ್ಧ ತಾಸಿನಲ್ಲಿ ಮಾಯವಾಗದಿದ್ದರೆ ಆ ಜಾಗದ ಮೇಲೆ ಭಾರ ಹಾಕಬಾರದು. ಚರ್ಮ ಕಿತ್ತಿದ್ದರೆ ದವಾಖಾನೆಗೆ ಹೋಗಬೇಕು.

ಪೆಟ್ಟು ಎದೆಯ ಮಟ್ಟದಲ್ಲಿ ಅಥವಾ ಕುತ್ತಿಗೆಗೆ ಆದವರಿಗೆ ಮತ್ತೊಂದು ಅಪಾಯವಿದೆ. ಕೆಳಗೆ ಎಲ್ಲಿಯೋ ಗಾಯವಾದರೆ, ಮೂತ್ರ ಕಟ್ಟಿದರೆ ಒಮ್ಮೆಲೇ ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ರಕ್ತದೊತ್ತಡ ಏರಿದ ಗುರುತು ಅದು. ಮಲಗಿಸಬ್ಯಾಡ್ರಿ. ನೆಟ್ಟಗೆ ಕೂಡಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೋ ನೋಡಿರಿ. ಕೂಡಲೇ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿರಿ.